ನಂಬಿದ ಗಣಕಯಂತ್ರಕ್ಕೆ ಮಾತ್ರ ಅನುಮತಿ: ಕಛೇರಿಯ ಫೈರ್‌ವಾಲ್ ಕುರಿತು ಸದಸ್ಯರ ಅಧ್ಯಯನಕ್ಕಾಗಿ

2017ರ ಮೇ ತಿಂಗಳಲ್ಲಿ ಕೇರಳದ ವಯನಾಡು ಜಿಲ್ಲೆಯ ತರಿಯೋಡ್ ಗ್ರಾಮ ಪಂಚಾಯತಿ ಕಛೇರಿಯ ಗಣಕಯಂತ್ರಗಳು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶಕ್ಕೆ ತುತ್ತಾದವು. ಕಡತಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳುವುದು ಅದರ ರೀತಿ. ವಿಂಡೋಸ್‌ನಲ್ಲಿ ಕಡತ ಹಂಚಿಕೆಗೆ ಬಳಸುವ 445ನೇ ಪೋರ್ಟ್ ಮೂಲಕ ಅದು ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿಯೇ ಹರಡುತ್ತಿತ್ತು.

ನಮ್ಮ ಕಛೇರಿಗಳಲ್ಲಿಯೂ ಈ ಹಂಚಿಕೆ ಅನಿವಾರ್ಯ. ಪಿಡಿಒ ಅವರ ಗಣಕಯಂತ್ರದಲ್ಲಿರುವ ತೆರಿಗೆ ಬೇಡಿಕೆ ಪಟ್ಟಿಯನ್ನು ಡಾಟಾ ಎಂಟ್ರಿ ಆಪರೇಟರ್ ತಮ್ಮ ಮೇಜಿನಿಂದಲೇ ತೆರೆಯಬೇಕಾಗುತ್ತದೆ. ಅದು ತೆರೆಯದಿದ್ದಾಗ ಫೈರ್‌ವಾಲ್ ಅನ್ನೇ ಆರಿಸಿಬಿಡುವ ರೂಢಿ ಹಲವೆಡೆ ಇದೆ. ಒಬ್ಬರಿಗೆ ಬಾಗಿಲು ತೆರೆಯಲು ಗೋಡೆಯನ್ನೇ ಕೆಡವಿದಂತೆ ಇದು. ಕಛೇರಿಯ ವೈಫೈಗೆ ಸೇರಿದ ಯಾವುದೇ ಲ್ಯಾಪ್‌ಟಾಪ್ ಅಥವಾ ಮೊಬೈಲ್ ಆಗ ಆ ಯಂತ್ರದ ಹೊಸ್ತಿಲಿಗೆ ಬರಬಲ್ಲದು.

ಸರಿಯಾದ ಕ್ರಮವು ಹತ್ತು ನಿಮಿಷದ ಕೆಲಸ. ಮೊದಲು, ಆಪರೇಟರ್ ಅವರ ಗಣಕಯಂತ್ರಕ್ಕೆ ರೂಟರ್‌ನಲ್ಲಿ ಸ್ಥಿರ ಐಪಿ ವಿಳಾಸವೊಂದನ್ನು ಕಾಯ್ದಿರಿಸತಕ್ಕದ್ದು, ಉದಾಹರಣೆಗೆ 192.168.1.20. ಇದನ್ನು ಬಿಟ್ಟರೆ ವಿಳಾಸವು ಮುಂದೊಂದು ದಿನ ಬದಲಾಗಿ, ಕೊಟ್ಟ ಅನುಮತಿಯು ಬೇರೆ ಯಂತ್ರದ ಪಾಲಾಗಬಹುದು. ತರುವಾಯ ಪಿಡಿಒ ಅವರ ಗಣಕಯಂತ್ರದಲ್ಲಿ ವಿಂಡೋಸ್ ಡಿಫೆಂಡರ್ ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ಇನ್‌ಬೌಂಡ್ ರೂಲ್ಸ್ ಪಟ್ಟಿಯಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಹೆಸರಿನ, 'ಎಸ್‌ಎಂಬಿ-ಇನ್' ಎಂಬ ಪದವುಳ್ಳ ನಿಯಮಗಳನ್ನು ಗುರುತಿಸಬೇಕು. ಅವುಗಳಲ್ಲಿ ಹಸಿರು ಗುರುತುಳ್ಳ ಪ್ರತಿಯೊಂದರ ಸ್ಕೋಪ್ ವಿಭಾಗದಲ್ಲಿ, ರಿಮೋಟ್ ಐಪಿ ಅಡ್ರೆಸ್ ಎಂಬಲ್ಲಿ ಮೇಲಿನ ವಿಳಾಸವೊಂದನ್ನೇ ಉಳಿಸಬೇಕು.

ಇಲ್ಲಿ ತಂತ್ರಜ್ಞರೂ ಎಡವುವುದುಂಟು. ಹಳೆಯ ನಿಯಮವನ್ನು ಹಾಗೆಯೇ ಬಿಟ್ಟು, ಒಂದು ವಿಳಾಸಕ್ಕಾಗಿ ಹೊಸ ನಿಯಮ ಬರೆದರೆ ಪ್ರಯೋಜನವಿಲ್ಲ. ಅನುಮತಿ ನೀಡುವ ನಿಯಮಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹಳೆಯದು ಎಲ್ಲರನ್ನೂ ಬಿಡುತ್ತಿದ್ದರೆ ಎಲ್ಲರೂ ಬರುತ್ತಲೇ ಇರುತ್ತಾರೆ. ಆದುದರಿಂದ ಕೆಲಸ ಮುಗಿದ ಮೇಲೆ ಮೂರನೆಯ ಗಣಕಯಂತ್ರವೊಂದರಿಂದ ಆ ಕಡತವನ್ನು ತೆರೆಯಲು ಯತ್ನಿಸಿ ನೋಡತಕ್ಕದ್ದು. ತೆರೆಯದಿದ್ದರೆ ಮಾತ್ರ ವ್ಯವಸ್ಥೆ ಸರಿಯಾಗಿದೆ.

ನಂಬಿದ ಯಂತ್ರಕ್ಕೇ ಸೋಂಕು ತಗುಲಿದರೆ ಫೈರ್‌ವಾಲ್ ಅದನ್ನು ತಡೆಯಲಾರದು. ವನ್ನಾಕ್ರೈ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿಯೇ ಪರಿಹಾರ ಹೊರಡಿಸಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ಬಲಿಯಾದವು. ವಿಂಡೋಸ್ ಪರಿಷ್ಕರಣೆಯನ್ನು ನಿಲ್ಲಿಸಿಟ್ಟಿರುವ ಗಣಕಯಂತ್ರಕ್ಕೆ ಇಂತಹ ಅನುಮತಿ ಕೊಡಲಾಗದು.

ಮಾನ್ಯ ಸದಸ್ಯರು ಇದನ್ನು ಸ್ವತಃ ಮಾಡಬೇಕಾಗಿಲ್ಲ. ಆದರೆ ಫೈರ್‌ವಾಲ್ ಚಾಲನೆಯಲ್ಲಿದೆಯೇ, ಯಾವ ವಿಳಾಸಕ್ಕೆ, ಯಾರ ಸೂಚನೆಯಂತೆ ಅನುಮತಿ ನೀಡಲಾಗಿದೆ ಎಂದು ಸಾಮಾನ್ಯ ಸಭೆಯಲ್ಲಿ ಕೇಳಬಹುದು. ಉತ್ತರವನ್ನು ವಹಿಯೊಂದರಲ್ಲಿ ದಿನಾಂಕ ಸಹಿತ ಬರೆಸಿಡುವುದು ಲೇಸು. ಗಣಕಯಂತ್ರ ಬದಲಾದ ದಿನ ಯಾವ ವಿಳಾಸವನ್ನು ಅಳಿಸಬೇಕೆಂಬುದು ಆ ಬರಹದಿಂದಲೇ ತಿಳಿಯುತ್ತದೆ.