ಟ್ರ್ಯಾಕ್ಟರಿನ ಹೊಗೆ: ಬಣ್ಣ ನೋಡಿ ದೋಷ ತಿಳಿಯಿರಿ

ಡೀಸೆಲ್ ಇಂಜಿನ್ನು ಹೆಚ್ಚು ಹೊಗೆ ಉಗುಳತೊಡಗಿದರೆ ಅನೇಕ ರೈತರು ಕೂಡಲೇ ಪಂಪು ಬಿಚ್ಚಿಸುತ್ತಾರೆ, ಇಲ್ಲವೇ ಬೋರ್ ಕೆಲಸಕ್ಕೆ ಇಂಜಿನ್ನನ್ನೇ ಇಳಿಸುತ್ತಾರೆ. ಖರ್ಚು ಸಾವಿರಗಟ್ಟಲೆ, ಹಂಗಾಮಿನ ಉಳುಮೆಯೂ ನಿಲ್ಲುತ್ತದೆ. ಹೊಗೆಯ ಬಣ್ಣವನ್ನೂ ಅದು ಬರುವ ಸಮಯವನ್ನೂ ಮೊದಲು ಗಮನಿಸಿದರೆ ಈ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಲಾರಿಗೂ ಇದೇ ಮಾತು.

ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ: ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು. ಕಬ್ಬು ಹೇರಿದ ಟ್ರೈಲರು ಎಳೆದು ಏರು ಹತ್ತುವಾಗ ಕ್ಷಣಕಾಲ ಕಂಡರೆ ಹೊರೆ ಹೆಚ್ಚಾಯಿತೆಂದಷ್ಟೇ ಅರ್ಥ. ಸದಾ ಬರುತ್ತಿದ್ದರೆ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಬೇಕು. ಎಣ್ಣೆ ಬಟ್ಟಲಿನ ಮಾದರಿಯಾದರೆ ಬಟ್ಟಲಿನಲ್ಲಿ ಧೂಳು ಕೆಸರಾಗಿ ಕುಳಿತಿರುತ್ತದೆ. ಅದನ್ನು ತೊಳೆದು, ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ಹಾಕಬೇಕು. ಗುರುತು ಮೀರಿದರೆ ಇಂಜಿನ್ನು ಆ ಎಣ್ಣೆಯನ್ನೂ ಹೀರಿ ಉರಿಸುತ್ತದೆ. ಒಕ್ಕಣೆಯ ದಿನಗಳಲ್ಲಿ ಇದನ್ನು ದಿನವೂ ನೋಡುವುದು ಲೇಸು. ಹಾಗೆಂದು ಕ್ಲೀನರ್ ತೆಗೆದಿಟ್ಟು ಇಂಜಿನ್ನು ಓಡಿಸಬಾರದು. ಒಳಹೊಕ್ಕ ಧೂಳು ಲೈನರು, ರಿಂಗುಗಳನ್ನು ಅರದಂತೆ ತೇಯುತ್ತದೆ.

ಗಾಳಿಯ ದಾರಿ ಶುಚಿಯಾದ ಮೇಲೂ ಕಪ್ಪು ಹೊಗೆ ನಿಲ್ಲದಿದ್ದರೆ ನಾಜಲ್ ಮೇಲೆ ಅನುಮಾನ. ಡೀಸೆಲನ್ನು ಮಂಜಿನಂತೆ ಸಿಂಪಡಿಸಬೇಕಾದ ನಾಜಲ್ ತೊಟ್ಟಿಕ್ಕುತ್ತಿರಬಹುದು. ಹಳೆಯ ಮಾದರಿಯ ಪಂಪಿರುವ ಇಂಜಿನ್ನಿನಲ್ಲಿ ಮೆಕ್ಯಾನಿಕ್ಕುಗಳು ನಿಧಾನ ವೇಗದಲ್ಲಿ ಓಡಿಸುತ್ತ ಒಂದೊಂದೇ ನಾಜಲ್ ಕೊಳವೆಯ ನಟ್ಟನ್ನು ಸಡಿಲಿಸಿ ನೋಡುತ್ತಾರೆ. ಯಾವುದನ್ನು ಸಡಿಲಿಸಿದಾಗ ಹೊಗೆ ತಗ್ಗುವುದೋ ಆ ನಾಜಲನ್ನು ಪರೀಕ್ಷೆಗೆ ಒಯ್ಯಬೇಕು. ಚಿಮ್ಮುವ ಡೀಸೆಲಿಗೆ ಕೈ ಒಡ್ಡಬಾರದು. ಅದು ಚರ್ಮವನ್ನೇ ತೂರಿ ಒಳಹೋಗುತ್ತದೆ. ಹೊಸ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಒತ್ತಡ ವಿಪರೀತವಾದ್ದರಿಂದ ಈ ಪರೀಕ್ಷೆ ಕೂಡದೇ ಕೂಡದು. ಪಂಪಿನ ಸೀಲು ಮುರಿಯುವ ಮಾತು ಇವೆಲ್ಲ ಮುಗಿದ ಮೇಲೆ.

ನೀಲಿ ಹೊಗೆ ಕೀಲೆಣ್ಣೆ ಉರಿಯುತ್ತಿರುವುದರ ಗುರುತು. ಡಿಪ್ ಸ್ಟಿಕ್ ನೋಡಿ, ಎಣ್ಣೆ ಮಟ್ಟ ಮೀರಿದ್ದರೆ ತೆಗೆಯಬೇಕು. ಮಟ್ಟ ಸರಿಯಿದ್ದೂ ಹೊರೆಯಲ್ಲಿ ನೀಲಿ ಹೊಗೆ ಬಂದು, ಎಣ್ಣೆ ತುಂಬುವ ಬಾಯಿಯಿಂದ ಬುಸುಬುಸು ಆವಿ ಹೊರಟರೆ ರಿಂಗು ಸವೆದಿವೆ. ಬಹಳ ಹೊತ್ತು ನಿಧಾನ ಓಡಿಸಿ ವೇಗ ಕೊಟ್ಟಾಗ ಮಾತ್ರ ಒಮ್ಮೆ ಬಂದು ನಿಂತರೆ ವಾಲ್ವ್ ಗೈಡ್ ಸವೆದಿರಬಹುದು. ಇದಕ್ಕೆ ಹೆಡ್ ಕೆಲಸ ಸಾಕಾದೀತು.

ಚಳಿಯ ಮುಂಜಾನೆ ಚಾಲೂ ಮಾಡಿದಾಗ ಬಿಳಿ ಹೊಗೆ ಸಹಜ. ಇಂಜಿನ್ನು ಕಾದ ಮೇಲೂ ಕಣ್ಣುರಿಸುವ ಬಿಳಿ ಹೊಗೆ ಬಂದರೆ ಉರಿಯದ ಡೀಸೆಲ್ ಹೊರಬರುತ್ತಿದೆ; ಟೈಮಿಂಗ್, ಕಂಪ್ರೆಶನ್ ಪರೀಕ್ಷಿಸಬೇಕು. ಕಣ್ಣುರಿಯಿಲ್ಲದ ಬರಿಯ ಆವಿಯಾಗಿದ್ದು ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ರೇಡಿಯೇಟರಿನ ಮುಚ್ಚಳವನ್ನು ಇಂಜಿನ್ನು ತಣಿದ ಮೇಲೆಯೇ ತೆಗೆಯಬೇಕು. ಡಿಪ್ ಸ್ಟಿಕ್ಕಿನ ಎಣ್ಣೆ ಹಾಲು ಬೆರೆತಂತೆ ಕಂಡರೆ ಇಂಜಿನ್ನನ್ನು ಮತ್ತೆ ಚಾಲೂ ಮಾಡದೆ, ಟ್ರ್ಯಾಕ್ಟರನ್ನು ಎಳೆಸಿಕೊಂಡೇ ರಿಪೇರಿಗೆ ಒಯ್ಯಬೇಕು.