ಮೊಡವೆಗೆ ಮೊದಲು ಮದ್ದು, ಪೀಲ್ ಆಮೇಲೆ

ಪ್ರೀತಿಯ ಪುಟ್ಟಿ,

ಅಕ್ಕನ ಮದುವೆಗೆ ಇನ್ನು ಒಂದೂವರೆ ತಿಂಗಳಿದೆ, ಅಷ್ಟರೊಳಗೆ ಮುಖದ ಮೊಡವೆಯೆಲ್ಲ ಹೋಗಬೇಕು, ಕ್ಲಿನಿಕ್ಕಿನವರು 6 ಸಿಟ್ಟಿಂಗಿನ ಪೀಲ್ ಪ್ಯಾಕೇಜ್ ಹೇಳಿದ್ದಾರೆ, ಈ ವಾರವೇ ದುಡ್ಡು ಕಟ್ಟಿದರೆ ರಿಯಾಯಿತಿಯಂತೆ, ಕಟ್ಟಲಾ ದೊಡ್ಡಮ್ಮ ಎಂದು ಕೇಳಿದ್ದೀಯ. ಕಟ್ಟಬೇಡ. ಯಾಕೆಂದು ಬಿಡಿಸಿ ಬರೆಯುತ್ತೇನೆ. ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿ ದುಡಿದವಳಿಗೆ ಈ ಪ್ರಶ್ನೆ ಹೊಸದಲ್ಲ. ನಿನ್ನ ಓರಗೆಯ ಮಕ್ಕಳೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮುಖ ತೊಳೆಯದೆ ಮೊಡವೆ ಬಂತು ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಹರೆಯದಲ್ಲಿ ಹಾರ್ಮೋನು ಏರಿದಾಗ ಚರ್ಮದೊಳಗಿನ ಗ್ರಂಥಿಗಳು ಜಿಡ್ಡನ್ನು ಹೆಚ್ಚು ಸುರಿಸುತ್ತವೆ. ಕೂದಲ ಬುಡದ ರಂಧ್ರದಲ್ಲಿ ಸತ್ತ ಜೀವಕೋಶ ಸೇರಿ ಬಾಯಿ ಕಟ್ಟಿಕೊಳ್ಳುತ್ತದೆ. ಅಲ್ಲೇ ಇರುವ ಬ್ಯಾಕ್ಟೀರಿಯಾ ಆ ಜಿಡ್ಡಿನಲ್ಲಿ ಬೆಳೆದು, ಊತ, ಕೆಂಪು, ಕೀವು ಎಲ್ಲ ಶುರುವಾಗುತ್ತದೆ. ನಿನ್ನ ಕಣ್ಣಿಗೆ ಇವತ್ತು ಬಿದ್ದ ಮೊಡವೆ ಒಳಗೆ ವಾರಗಳ ಹಿಂದೆಯೇ ಹುಟ್ಟಿರುತ್ತದೆ. ಅದಕ್ಕೇ ಸರಿಯಾದ ಮದ್ದು ಹಚ್ಚಿದರೂ ಗುಣ ಕಾಣಲು 8ರಿಂದ 12 ವಾರ ಬೇಕು. ಮದುವೆಯ ದಿನಕ್ಕೆ ಮುಖ ಪೂರ್ತಿ ತಿಳಿಯಾಗುತ್ತದೆ ಎಂದು ನಾನು ಮಾತು ಕೊಡಲಾರೆ. ಕೊಡುವವರ ಮಾತನ್ನು ನೀನೂ ನಂಬಬೇಡ.

ದಿನದ ಆರೈಕೆ ಸರಳ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆ. ಸ್ಕ್ರಬ್ ಹಾಕಿ ತಿಕ್ಕಬೇಡ, ನಿಂಬೆರಸ, ಟೂತ್‌ಪೇಸ್ಟ್ ಮುಟ್ಟಿಸಲೇಬೇಡ. ರಾತ್ರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಅಡಾಪಲೀನ್ ಜೆಲ್. ಮುಖ ಒಣಗಿದ ಮೇಲೆ ಇಡೀ ಮುಖಕ್ಕೆ ಸೇರಿ ಒಂದು ಬಟಾಣಿಯಷ್ಟು ಸಾಕು. ಮೊಡವೆಯ ತಲೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ, ಮುಂದೆ ಏಳಲಿರುವುದನ್ನು ತಡೆಯುವುದೇ ಅದರ ಕೆಲಸ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಸ್ವಲ್ಪ ಉರಿಯುತ್ತದೆ. ಮದ್ದು ಆಗಿಬರಲಿಲ್ಲ ಎಂದು ಹೆಚ್ಚಿನವರು ಟ್ಯೂಬ್ ಮೂಲೆಗೆ ಎಸೆಯುವುದು ಆಗಲೇ. ಎಸೆಯದೆ ದಿನ ಬಿಟ್ಟು ದಿನ ಹಚ್ಚು, ಜೊತೆಗೆ ಎಣ್ಣೆಯಂಶವಿಲ್ಲದ ಮಾಯಿಶ್ಚರೈಸರ್ ಇರಲಿ. ಬೆನ್ಜಾಯಿಲ್ ಪೆರಾಕ್ಸೈಡ್ ಕೊಟ್ಟರೆ 2.5 ಪರ್ಸೆಂಟಿನದೇ ಸಾಕೇ ಎಂದು ಕೇಳು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ, ಬಿಳಿ ಟವೆಲ್ಲು, ಬಿಳಿ ದಿಂಬಿನ ಕವರು ಬಳಸು. ಹಗಲು ಸನ್‌ಸ್ಕ್ರೀನ್ ತಪ್ಪಿಸಬೇಡ. ನಮ್ಮ ಕಂದು ಚರ್ಮದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಬಿದ್ದಷ್ಟೂ ಅದು ಗಾಢವಾಗುತ್ತದೆ. ತಲೆಗೆ ಎಣ್ಣೆ ಹಚ್ಚಿ ರಾತ್ರಿಯೆಲ್ಲ ಮಲಗುವ ಅಭ್ಯಾಸವನ್ನೂ ಸದ್ಯಕ್ಕೆ ಬಿಡು. ಅದು ಹಣೆಗಿಳಿದು ರಂಧ್ರ ಮುಚ್ಚುತ್ತದೆ.

ನಿಜಕ್ಕೂ ನನಗೆ ಭಯ ಬೇರೆಯದರದು. ಹಾಸ್ಟೆಲಿನ ಗೆಳತಿ ಕೊಟ್ಟ ಯಾವುದೋ ಕ್ರೀಮು ಹಚ್ಚಿದೆ, ಮೂರೇ ದಿನಕ್ಕೆ ಮುಖ ಬೆಳ್ಳಗಾಯಿತು ಎಂದು ಬರೆದಿದ್ದೀಯ. ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದು. ಬೀಟಾಮೆಥಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದು ಏನಾದರೂ ಇದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಊತ ಇಳಿದು ಮುಖ ಹೊಳೆಯುತ್ತದೆ. ಹಚ್ಚುತ್ತಾ ಹೋದಂತೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಮೊಡವೆ ಇನ್ನಷ್ಟು ಏಳುತ್ತದೆ. ನಿಲ್ಲಿಸಿದರೆ ಮುಖ ಕೆಂಡದಂತೆ ಉರಿಯುವುದರಿಂದ ಹುಡುಗಿಯರು ಮತ್ತೆ ಅದನ್ನೇ ಹಚ್ಚುತ್ತಾರೆ. ಒ.ಪಿ.ಡಿ.ಗೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬರುತ್ತಿದ್ದವರಲ್ಲಿ ಇಂಥ ಮಕ್ಕಳೇ ಹೆಚ್ಚು. ಫ್ಯಾನಿನ ಗಾಳಿ ತಾಕಿದರೂ ಉರಿ ಎಂದು ಅಳುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದಿತು. ಆದರೂ ಕೇಳಿದವರಿಗೆಲ್ಲ ಕೊಡುವ ಅಂಗಡಿಗಳಿವೆ. ನೀನು ಹಚ್ಚಿದ್ದು ಅದೇ ಆಗಿದ್ದರೆ ಗಾಬರಿಬೀಳಬೇಡ, ಮುಚ್ಚಿಡಲೂ ಬೇಡ. ಟ್ಯೂಬನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು, ಹೇಗೆ ಬಿಡಿಸಬೇಕೆಂದು ಅವರಿಗೆ ಗೊತ್ತು.

ಇನ್ನು ಪೀಲ್, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರವನ್ನು ಸಿಪ್ಪೆಯಾಗಿ ಏಳಿಸುವುದು. ನಾನು ಅದರ ವಿರೋಧಿಯಲ್ಲ, ಬಲ್ಲವರ ಕೈಯಲ್ಲಿ ಒಳ್ಳೆಯ ಚಿಕಿತ್ಸೆ. ಮೊಡವೆಗೆ ಹೆಚ್ಚಾಗಿ ಬಳಸುವುದು ಸ್ಯಾಲಿಸಿಲಿಕ್ ಆಸಿಡ್. ಮುಖದ ಜಿಡ್ಡು ಒರೆಸಿ, ಕಣ್ಣಂಚು, ಮೂಗಿನ ಸಂದಿ, ತುಟಿಯಂಚಿಗೆ ವ್ಯಾಸಲೀನ್ ಸವರಿ, ಆಮೇಲೆ ಹಣೆಯಿಂದ ಹಚ್ಚುತ್ತಾ ಬರುತ್ತಾರೆ. ಚುರುಚುರು ಉರಿಯುತ್ತದೆ, ಕೊಂಚ ಹೊತ್ತಿಗೆ ಬಿಳಿ ಪುಡಿಯಂತೆ ಕಟ್ಟುತ್ತದೆ, ತೊಳೆಯುತ್ತಾರೆ. ಮುಂದಿನ ಕೆಲವು ದಿನ ಸಿಪ್ಪೆ ಏಳುತ್ತದೆ. ಒಂದು ಪೀಲ್‌ಗೂ ಇನ್ನೊಂದಕ್ಕೂ ನಡುವೆ ಎರಡರಿಂದ ನಾಲ್ಕು ವಾರ ಬಿಡುವುದು ರೂಢಿ. ಹಾಗಿರುವಾಗ ಒಂದೂವರೆ ತಿಂಗಳಲ್ಲಿ 6 ಸಿಟ್ಟಿಂಗ್ ಹೇಗೆ ಮುಗಿಸುತ್ತಾರಂತೆ? ಕಂದು ಚರ್ಮಕ್ಕೆ ಆಸಿಡ್ ಅತಿಯಾದರೆ, ಇಲ್ಲವೇ ಕೆರಳಿದ ಚರ್ಮದ ಮೇಲೆ ಬಿದ್ದರೆ, ಸುಟ್ಟ ಕಲೆ ಮೊಡವೆಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಸ್ಟೀರಾಯ್ಡ್ ಹಚ್ಚಿದ ಮುಖವಾದರೆ ಅಪಾಯ ಇನ್ನೂ ಹೆಚ್ಚು. ಆ ಕ್ಲಿನಿಕ್ಕಿನಲ್ಲಿ ನಿನ್ನನ್ನು ನೋಡಿದವರು ಯಾರು, ಈಗ ಏನು ಹಚ್ಚುತ್ತಿದ್ದೀ ಎಂದು ಕೇಳಿದರೇ? ಕೇಳದೆಯೇ ಪ್ಯಾಕೇಜ್ ಹೇಳಿದ್ದರೆ ಅದು ವ್ಯಾಪಾರ. ಗುಳಿಬಿದ್ದ ಕಲೆಗೆ ಮೈಕ್ರೋನೀಡ್ಲಿಂಗ್, ಲೇಸರ್ ಇವೆ, ಅವೆಲ್ಲ ಮೊಡವೆ ಹತೋಟಿಗೆ ಬಂದ ಮೇಲಿನ ಮಾತು. ಮೊಡವೆಯನ್ನು ಹಿಸುಕದಿದ್ದರೆ ಅವುಗಳ ಅಗತ್ಯವೂ ಕಡಿಮೆ.

ಮುಟ್ಟು ಏರುಪೇರಾಗುತ್ತಿದ್ದರೆ, ಗಲ್ಲದ ಮೇಲೆ ಗಡುಸು ಕೂದಲು ಬರುತ್ತಿದ್ದರೆ ಸಂಕೋಚಪಡದೆ ಹೇಳು, ಪಿ.ಸಿ.ಓ.ಎಸ್. ಎಂಬ ಹಾರ್ಮೋನಿನ ತೊಂದರೆ ಇದೆಯೇ ಎಂದು ನೋಡುತ್ತಾರೆ. ನೋಯುವ ದೊಡ್ಡ ಗಂಟುಗಳಾದರೆ ಐಸೊಟ್ರೆಟಿನಾಯಿನ್ ಮಾತ್ರೆ ಬರೆಯಬಹುದು. ಒಳ್ಳೆಯ ಮದ್ದು, ಆದರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ರಕ್ತ ಪರೀಕ್ಷೆಯಿಲ್ಲದೆ, ಡಾಕ್ಟರ ನಿಗಾ ಇಲ್ಲದೆ ನುಂಗುವಂಥದ್ದಲ್ಲ, ಗೆಳತಿಯರು ಹಂಚಿಕೊಳ್ಳುವಂಥದ್ದಂತೂ ಅಲ್ಲವೇ ಅಲ್ಲ.

ಮುಖ ತೋರಿಸಲಾಗದೆ ಎರಡು ದಿನ ಕ್ಲಾಸಿಗೆ ಹೋಗಲಿಲ್ಲ ಎಂದಿದ್ದೀಯಲ್ಲ, ಅದನ್ನು ಓದಿ ಕರುಳು ಹಿಂಡಿತು. ಅದನ್ನೂ ಡಾಕ್ಟರಿಗೆ ಹೇಳು, ಅದೂ ಕಾಯಿಲೆಯದೇ ಒಂದು ಭಾಗ. ಮೈಸೂರಿನಲ್ಲೇ ಇದ್ದೀಯ, ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಸೋಮವಾರ ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸು. ಸರದಿಯಲ್ಲಿ ನಿಲ್ಲಬೇಕಾದೀತು, ನಿಲ್ಲು. ಬಂದ ಮೇಲೆ ಡಾಕ್ಟರು ಬರೆದ ಚೀಟಿಯ ಫೋಟೋ ನನಗೆ ಕಳಿಸು ಮಗಳೇ.

ನಿನ್ನ,
ದೊಡ್ಡಮ್ಮ