ಕುತ್ತಿಗೆಯ 'ಲಟಕ್' ಸದ್ದು: ಒಂದು ಅಭ್ಯಾಸ ಪಾಠ

ತರಗತಿ: 8   ವಿಷಯ: ವಿಜ್ಞಾನ   ಅವಧಿ: 40 ನಿಮಿಷ
ಪೂರ್ವಜ್ಞಾನ: ಕೀಲುಗಳ ವಿಧಗಳು, ಬಲ ಮತ್ತು ಒತ್ತಡ
ಸಾಮಗ್ರಿ: ಸೂಜಿಯಿಲ್ಲದ ಸಿರಿಂಜು, ಸೋಡಾ

ಪೀಠಿಕೆ
ಕುತ್ತಿಗೆ ತಿರುಗಿಸಿದಾಗ ಸದ್ದೇಕೆ ಬರುತ್ತದೆ ಎಂದು ಕೇಳಿದೆ. "ಮೂಳೆಗೆ ಮೂಳೆ ತಿಕ್ಕುತ್ತದೆ" ಎಂದರು ಹೆಚ್ಚಿನವರು. ಸರಿ-ತಪ್ಪು ಹೇಳದೆ ಅದನ್ನು ಕಪ್ಪುಹಲಗೆಯ ಮೇಲೆ ಬರೆದಿಟ್ಟೆ. ನೆಟಿಗೆ ಮುರಿಯುವ ರೂಢಿಯಿದ್ದ ಮೂವರು ತಲಾ ಒಂದು ಬೆರಳಿನ ನೆಟಿಗೆ ಮುರಿದರು. ಕುತ್ತಿಗೆಯ ಮೇಲೆ ಯಾವ ಪ್ರಯೋಗವನ್ನೂ ಮಾಡಿಸಲಿಲ್ಲ.

ಬೋಧನಾ ಹಂತಗಳು
1. ಸಿರಿಂಜಿಗೆ ಸ್ವಲ್ಪ ಸೋಡಾ ಎಳೆದು, ಗಾಳಿ ಹೊರಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಹಿಂದಕ್ಕೆಳೆದೆ. ಒತ್ತಡ ಇಳಿಯಿತು, ಕರಗಿದ್ದ ಅನಿಲ ಗುಳ್ಳೆಯಾಗಿ ಎದ್ದಿತು. ಕೀಲಿನ ದ್ರವದಲ್ಲೂ ಅನಿಲ ಕರಗಿರುತ್ತದೆ. ಕೀಲು ಹಿಗ್ಗಿದಾಗ ಅಲ್ಲೂ ಗುಳ್ಳೆ ಉಂಟಾಗುತ್ತದೆ.

2. ಐದು ನಿಮಿಷದ ಬಳಿಕ ಅದೇ ಬೆರಳುಗಳು ಸದ್ದು ಮಾಡಲಿಲ್ಲ. ಅನಿಲ ಮತ್ತೆ ಕರಗಲು ಸುಮಾರು 20 ನಿಮಿಷ ಬೇಕು. "ಮೂಳೆ ತಿಕ್ಕುವುದಾದರೆ ಪ್ರತಿ ಸಲವೂ ಸದ್ದಾಗಬೇಕಿತ್ತಲ್ಲ?" ಎಂದಳು ಒಬ್ಬ ವಿದ್ಯಾರ್ಥಿನಿ. ಪಾಠದ ತಿರುಳು ಮಕ್ಕಳಿಂದಲೇ ಬಂತು.

3. ಸದ್ದು ಗುಳ್ಳೆ ಹುಟ್ಟುವಾಗಿನದೇ, ಕುಸಿಯುವಾಗಿನದೇ? 1947ರ ಅಧ್ಯಯನ ಹುಟ್ಟುವಾಗ ಎಂದಿತು. 1971ರದು ಕುಸಿಯುವಾಗ ಎಂದಿತು. 2015ರಲ್ಲಿ ಕೆನಡಾದ ಸಂಶೋಧಕರು ಎಂಆರ್‌ಐ ಚಿತ್ರಗಳಲ್ಲಿ ಸದ್ದಿನ ಕ್ಷಣದಲ್ಲಿ ಗುಳ್ಳೆ ಮೂಡುವುದನ್ನೂ ಆಮೇಲೂ ಉಳಿಯುವುದನ್ನೂ ಕಂಡರು. 2018ರ ಗಣಿತ ಮಾದರಿಯೊಂದು ಭಾಗಶಃ ಕುಸಿತವನ್ನೇ ಬೆಂಬಲಿಸಿತು. ಚರ್ಚೆ ಇನ್ನೂ ಮುಗಿದಿಲ್ಲ.

4. ಕುತ್ತಿಗೆಯ 7 ಕಶೇರುಗಳ ನಡುವೆಯೂ ಇಂತಹ ದ್ರವವಿರುವ ಸಣ್ಣ ಕೀಲುಗಳಿವೆ. ಪ್ರತಿ ಸಲವೂ ಬರುವ 'ಟಕ್' ಸದ್ದು ಸ್ನಾಯುರಜ್ಜು ಮೂಳೆಯ ಉಬ್ಬಿನ ಮೇಲೆ ಜಾರುವುದರಿಂದ ಇರಬಹುದು. ಮೃದ್ವಸ್ಥಿ ಸವೆದಾಗ 'ಕರಕರ' ಸದ್ದು ಬರುವುದುಂಟು. ಹಲಗೆಯ ಮೇಲಿನ ಉತ್ತರಕ್ಕೂ ಹೀಗೆ ಒಂದು ಪಾಲು ಸಿಕ್ಕಿತು.

ಜೀವನಕ್ಕೆ ಅನ್ವಯ
ನೋವಿಲ್ಲದೆ ತಾನಾಗಿ ಬರುವ ಸದ್ದು ಸಾಮಾನ್ಯವಾಗಿ ನಿರಪಾಯಕಾರಿ. ಕ್ಷೌರದಂಗಡಿಯಲ್ಲಿ ರಭಸದಿಂದ ಕತ್ತು ತಿರುಗಿಸಿ ಸದ್ದು ಬರಿಸುವುದು ಬೇರೆಯೇ ಮಾತು. ಮಿದುಳಿಗೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕುತ್ತಿಗೆಯ ಕಶೇರುಗಳ ರಂಧ್ರಗಳ ಮೂಲಕವೇ ಸಾಗುತ್ತವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಗಂಭೀರ. ಸದ್ದಿನೊಂದಿಗೆ ನೋವು, ಕೈ ಜೋಮು, ತಲೆಸುತ್ತು ಇದ್ದರೆ ವೈದ್ಯರನ್ನು ಕಾಣಬೇಕು.

ಮೌಲ್ಯಮಾಪನ
1. ಮುರಿದ ನೆಟಿಗೆ ಕೂಡಲೇ ಮತ್ತೆ ಬಾರದೇಕೆ?
2. ಸದ್ದು ಅಪಾಯವೇ, ಬಲಪ್ರಯೋಗ ಅಪಾಯವೇ? ಕಾರಣ ಕೊಡಿ.

ಅವಲೋಕನ
ಎರಡನೆಯ ಪ್ರಶ್ನೆಯೇ ಈ ಪಾಠದ ಫಲ ಎಂದು ನನ್ನ ಅನಿಸಿಕೆ. 'ಒಳ್ಳೆಯದೇ, ಕೆಟ್ಟದ್ದೇ' ಎಂದಷ್ಟೇ ಕೇಳುತ್ತಿದ್ದ ಮಕ್ಕಳು ಸದ್ದನ್ನೂ ಬಲವನ್ನೂ ಬೇರ್ಪಡಿಸಿ ಉತ್ತರಿಸಿದರು. ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ನೆಟಿಗೆ ಚಟುವಟಿಕೆಯನ್ನು ಅವಧಿಯ ಮೊದಲಿಗೇ ಇಟ್ಟುಕೊಳ್ಳಲಿ. 20 ನಿಮಿಷದ ಅಂತರ ತರಗತಿಯೊಳಗೇ ಸಿಗುತ್ತದೆ.